ಲಗೂ ಅಂದಾತ ಯಾರು?

ಹುಬ್ಬಳ್ಳಿ,
ಫೆಬ್ರವರಿ 30, 2139

ನೂರು ಚಿಲ್ಲರೆ ವರ್ಷ ಹಿಂದಿರುವ ಹಿರಿಯರ ಸನ್ನಿಧಿಗೆ,

ತಾರೀಖು ನೋಡಿ ನಗಬೇಡಿ. ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಅದು ಹೇಗಾಯಿತು ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ. ನಡುನಡುವೆ ನಿಮ್ಮ ನಿಘಂಟಿಗೆ ಸಿಕ್ಕದ ಪದಗಳು ಅಡ್ಡ ಬಂದರೆ ಕ್ಷಮೆಯಿರಲಿ. ಅವುಗಳಲ್ಲಿ ಹೆಚ್ಚಿನವು ನೀವೇ ಹೆತ್ತು ನಮ್ಮ ಮಡಿಲಿಗೆ ಹಾಕಿದವು. ಈ ಪತ್ರ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ. ಇಲ್ಲಿಂದ ಧಾರವಾಡಕ್ಕೆ ಹಾಕಿದ ಕಾಗದ ಮುಟ್ಟಲು ಇವತ್ತಿಗೂ ಹದಿನೈದು ದಿನ ಬೇಕು. ನೂರು ವರ್ಷ ಹಿಂದಕ್ಕಾದರೆ ಅದೇ ಸಂಜೆ ಮುಟ್ಟುತ್ತದೆಯಂತೆ. ಪ್ರಗತಿ ಎಂದರೆ ಇದೇ ಇರಬೇಕು.

ಸಂಚಾರದ ದಂಡವನ್ನು ಎಲ್ಲರಿಗೂ ಒಂದೇ ಇಡಬೇಕೋ, ಅವರವರ ಆದಾಯಕ್ಕೆ ತಕ್ಕಂತೆ ಇಡಬೇಕೋ ಎಂದು ನೀವು ಚಹಾದಂಗಡಿಯಲ್ಲೂ ಸಭಾಂಗಣದಲ್ಲೂ ವಾದಿಸುತ್ತಿದ್ದೀರಿ ಎಂದು ಹಳೆಯ ಕಾಗದಗಳಲ್ಲಿ ಓದಿದೆ. ಆದಾಯಕ್ಕೆ ತಕ್ಕಂತೆ ಎಂಬ ಪಕ್ಷವೇ ಸರಿ. ಇದನ್ನು ಹಾಸ್ಯ ಬರೆದು ಹೊಟ್ಟೆ ಹೊರೆಯುವವಳು ಹೇಳುತ್ತಿದ್ದಾಳೆಂದು ತಳ್ಳಿಹಾಕಬೇಡಿ. ಒಂದೇ ಕೆಂಪು ದೀಪ, ಒಂದೇ ತಪ್ಪು, ಒಂದೇ ದಂಡ. ಒಬ್ಬನಿಗೆ ಅದು ಊಟದ ಮೇಲಿನ ಸೋಂಪು, ಇನ್ನೊಬ್ಬನಿಗೆ ವಾರದ ರೊಟ್ಟಿ. ಇದನ್ನು ಸಮಾನತೆ ಎಂದು ಕರೆಯಲು ಬಹಳ ಓದಿರಬೇಕು. ನೀವು ಕೊನೆಗೆ ನ್ಯಾಯವಾದ ಕಾನೂನನ್ನೇ ಮಾಡುತ್ತೀರಿ. ಆದರೆ ಮಾಡುವಾಗ ಅದರ ಐದನೆಯ ಕಲಮಿನಲ್ಲಿ ಒಂದು ಮಾತು ಬರೆಯುತ್ತೀರಿ: “ಚಾಲಕನ ಆದಾಯಕ್ಕೆ ತಕ್ಕಂತೆ.” ನನ್ನ ತಕರಾರು ಇರುವುದು ಆ ಚಾಲಕನ ಬಗ್ಗೆ.

ಯಾಕೆಂದರೆ, ಮಹನೀಯರೇ, ನಮ್ಮ ಕಾಲದ ಗಾಡಿಗಳಿಗೆ ಚಾಲಕನೇ ಬೇಕಿಲ್ಲ. ಅವು ತಾವೇ ಓಡುತ್ತವೆ. ಗಾಡಿಗೆ ಗೊತ್ತಿರುವುದು ಮಾಲೀಕರ ದನಿಯೊಂದೇ. ಮಾಲೀಕರು ಹಿಂದಿನ ಸೀಟಿನಲ್ಲಿ ಒರಗಿ “ಸಾವಕಾಶ” ಅಂದರೆ ಸಾವಕಾಶ ಹೋಗುತ್ತದೆ. “ಲಗೂ” ಅಂದರೆ, ಅದು ಬೇಗ ಎಂಬುದಕ್ಕೆ ನಮ್ಮೂರ ಮಾತು, ಕೆಂಪು ದೀಪಕ್ಕೂ ನಿಲ್ಲದೆ ಹೋಗುತ್ತದೆ. ಈ ಲಗೂ ಸೌಕರ್ಯಕ್ಕೆ ಗಾಡಿ ಕೊಳ್ಳುವಾಗ ಬೇರೆ ಬೆಲೆ ತೆರಬೇಕು, ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಆದರೆ ದಂಡ ಹಾಕಲು ಕಾನೂನು ಚಾಲಕನನ್ನು ಕೇಳುತ್ತದಲ್ಲ? ಚಾಲಕನಿಲ್ಲದಿದ್ದರೆ ಮಾಲೀಕರೇ ಚಾಲಕರು, ಅವರ ಆದಾಯವೇ ಲೆಕ್ಕ. ಹಾಗಾಗಬಾರದೆಂದು ಮಾಲೀಕರು ಒಬ್ಬ ಮನುಷ್ಯನನ್ನು ಸಂಬಳ ಕೊಟ್ಟು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಅವನ ಮುಂದೊಂದು ಸ್ಟೇರಿಂಗ್ ಚಕ್ರ ಇರುತ್ತದೆ. ಅದು ಯಾವುದಕ್ಕೂ ಜೋಡಿಸಿದ್ದಲ್ಲ. ಅದನ್ನು ಸುಳ್ಳುಚಕ್ರ ಎನ್ನುತ್ತೇವೆ. ಅದನ್ನು ಹಿಡಿದು ಕೂರುವವನು ದಂಡಾಳು. ನಿಮ್ಮ ಅಜ್ಜಂದಿರ ಕಾಲದಲ್ಲಿ ದಂಡಾಳು ಎಂದರೆ ದಂಡಿನಲ್ಲಿ ಕಾದಾಡುವ ಶೂರನಂತೆ. ನಮ್ಮಲ್ಲಿ ದಂಡ ಬೀಳಲೆಂದೇ ಇಟ್ಟುಕೊಂಡ ಆಳು.

ದಂಡ ತೆರುವವರು ಮಾಲೀಕರೇ, ಆದರೆ ಲೆಕ್ಕ ದಂಡಾಳಿನ ಆದಾಯದ್ದು. ಅದು ಕಡಿಮೆಯಾದಷ್ಟೂ ದಂಡ ಕಡಿಮೆ. ಹಾಗಾಗಿ ಆಳಿಗೆ ಎಷ್ಟು ಕಡಿಮೆ ಕೊಡುತ್ತೀರೋ ಅಷ್ಟು ಲಗೂ ಹೋಗಬಹುದು. ಇಂಥ ಸರಳ ಗಣಿತ ನಮ್ಮ ಸಾವುಕಾರರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಪೇಪರಿನಲ್ಲಿ ಜಾಹೀರಾತು ಬರುತ್ತದೆ: “ಬೇಕಾಗಿದ್ದಾರೆ, ಆದಾಯವಿಲ್ಲದ, ಮುಖದಲ್ಲಿ ಜವಾಬ್ದಾರಿ ಕಾಣುವ ಚಾಲಕರು.” ತಿಂಗಳಿಗೊಮ್ಮೆ ಬಡತನ ತಪಾಸಣೆ. ಕೈಗಡಿಯಾರ ಕಟ್ಟಿಕೊಂಡು ಹೋದವನು ಕೆಲಸ ಕಳೆದುಕೊಂಡು ಬರುತ್ತಾನೆ. ಕೆಲವು ದೊಡ್ಡ ಮನೆಗಳಲ್ಲಿ ಸಮವಸ್ತ್ರವನ್ನೂ ಕೊಡುತ್ತಾರೆ: ಇಸ್ತ್ರಿ ಮಾಡಿದ ಹರಕು ಅಂಗಿ.

ಈಗ ಫೆಬ್ರವರಿಯ ಕಥೆ. ಒಂದು ದಿನದ ಆದಾಯ ತಿಳಿಯಲು ತಿಂಗಳ ಸಂಬಳವನ್ನು ಆ ತಿಂಗಳ ದಿನಗಳಿಂದ ಭಾಗಿಸುತ್ತಾರೆ. ಫೆಬ್ರವರಿಗೆ ಇಪ್ಪತ್ತೆಂಟೇ ದಿನವಾದ್ದರಿಂದ ದಿನದ ಪಾಲು ಕೂದಲೆಳೆಯಷ್ಟು ಹೆಚ್ಚಾಗಿ, ದಂಡವೂ ಕೂದಲೆಳೆಯಷ್ಟು ಹೆಚ್ಚಾಗುತ್ತಿತ್ತು. ಮಾಲೀಕರೆಲ್ಲ ಸೇರಿ ಮನವಿ ಕೊಟ್ಟರು. ಸರಕಾರ ಕರಗಿತು. ಜುಲೈ ಬಾಲದಿಂದ ಒಂದು, ಆಗಸ್ಟ್ ಬಾಲದಿಂದ ಒಂದು ದಿನ ಕತ್ತರಿಸಿ ಫೆಬ್ರವರಿಗೆ ಹೊಲಿದರು. ದಂಡಾಳಿನ ಸಂಬಳಕ್ಕೆ ಒಂದು ಪೈಸೆ ಸೇರಿಸಲು ಆಗದ ಊರಿನಲ್ಲಿ ತಿಂಗಳಿಗೆ ಎರಡು ದಿನ ಸೇರಿಸಿದರು ನೋಡಿ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನನ್ನ ಅಪ್ಪ ದಂಡಾಳು. ಹೆಸರು ಫಕೀರಪ್ಪ. ಆ ಕೆಲಸಕ್ಕೆ ಹೆಸರಿಗಿಂತ ದೊಡ್ಡ ಅರ್ಹತಾಪತ್ರ ಬೇಕಾಗಲಿಲ್ಲ. ವಯಸ್ಸಿನಲ್ಲಿ ಅವನು ಜಲ್ಲಿಕಲ್ಲಿನ ಟಿಪ್ಪರ್ ಓಡಿಸಿದವನು, ನಿಜವಾದ ಚಕ್ರ ಹಿಡಿದು ನಿಜವಾಗಿ ತಿರುಗಿಸಿದವನು. ಗಾಡಿಗಳು ತಾವೇ ಓಡಲು ಕಲಿತ ಮೇಲೆ ಅವನ ಕೈಗೆ ಕೆಲಸ ಉಳಿಯಲಿಲ್ಲ. ಹಿಟ್ಟಿನ ಗಿರಣಿಗಳ ಮಾಲೀಕರಾದ ಚನ್ನಮಲ್ಲಪ್ಪ ಸಾವುಕಾರರ ಗಾಡಿಯಲ್ಲಿ ಕೂತ. ಉಳಿದ ದಂಡಾಳುಗಳು ಸುಳ್ಳುಚಕ್ರದ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದರು. ಅಪ್ಪ ಮಾತ್ರ ಗಾಡಿ ಎಡಕ್ಕೆ ಹೊರಳಿದರೆ ತಾನೂ ಚಕ್ರ ಎಡಕ್ಕೆ ಹೊರಳಿಸುತ್ತಿದ್ದ. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ ನಿಂಬೆಹಣ್ಣು ಕಟ್ಟುತ್ತಿದ್ದ. ನಾನು ಗೇಲಿ ಮಾಡಿದರೆ, “ಅದು ಸುಳ್ಳ ಇರ್ಲೆವಾ, ಕೈ ಖರೆ ಅದಾವಲ್ಲ?” ಅನ್ನುತ್ತಿದ್ದ.

ಅಪ್ಪನ ಮನೆಯಲ್ಲಿ ಹೊನ್ನು ಅಂತ ಇದ್ದದ್ದು ನಾನೊಬ್ಬಳೇ. ನನ್ನ ಹೆಸರು ಹೊನ್ನವ್ವ. ಆರು ವರ್ಷದ ಹಿಂದೆ ಪೇಪರಿನವರು ನನ್ನನ್ನು ವಾರಕ್ಕೊಂದು ನಗೆಬರಹ ಬರೆಯಲು ಸಂಬಳದ ಮೇಲೆ ತೆಗೆದುಕೊಂಡರು. ನೇಮಕದ ಕಾಗದ ಹಿಡಿದು ಓಡಿ ಬಂದೆ. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು ಸಕ್ಕರೆ ತರಲು ಹೊರಟವನು ಬಾಗಿಲಲ್ಲೇ ನಿಂತ. ತಪಾಸಣೆಯಲ್ಲಿ ಎಣಿಸುವುದು ಇಡೀ ಮನೆಯ ಆದಾಯ. ಮಗಳ ಸಂಬಳ ಸೇರಿದರೆ ದಂಡ ಏರುತ್ತದೆ. ದಂಡ ಏರಿದ ದಂಡಾಳನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

“ಕೆಲಸ ಬಿಡಪ್ಪಾ, ನಾ ಹಾಕ್ತೀನಿ ನಿನಗ ಊಟಾ,” ಅಂದೆ.

“ಮಗಳ ಕೂಳ ತಿಂದ್ಕೋತ ಕುಂದ್ರಾಕ ನಾ ಏನ್ ದಂಡಪಿಂಡ ಏನು?”

“ಹಂಗಾರ ನಾ ಈ ಕಾಗದ ವಾಪಸ್ ಕೊಡ್ತೀನಿ.”

“ಕೊಟ್ಟಿ ಅಂದ್ರ ಕಾಲ ಮುರೀತೀನಿ. ನಿನ್ನ ಅಕ್ಷರ ಪೇಪರ್‌ನ್ಯಾಗ ಬರಬೇಕು.”

ಇಬ್ಬರಿಗೂ ಸ್ವಾಭಿಮಾನ ಇದ್ದುದರಿಂದ, ಮರುದಿನ ಇಬ್ಬರೂ ಕೂಡಿ ಬಡತನ ತಪಾಸಣೆಯ ಕಚೇರಿಗೆ ಹೋದೆವು. ಅಲ್ಲಿ ಮಗಳಿಲ್ಲಪತ್ರ ಎಂಬುದೊಂದು ಸಿಗುತ್ತದೆ. ಹಳದಿ ಕಾಗದ, ಮೂರು ಸಾಲು. ಇಂಥವನಿಗೆ ಮಕ್ಕಳಿಲ್ಲ ಎಂದು ಅವನೇ ಹೇಳಿ ಬರೆಸಿ ಹೆಬ್ಬೆಟ್ಟು ಒತ್ತಬೇಕು. ಬಿಸಿಲಿಗೆ ಛತ್ರಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ. ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು:

“ಹೆಂಡ್ತಿ?”

“ತೀರ್ಕೊಂಡಾಳ್ರಿ.”

“ಆಸ್ತಿ?”

“ಒಂದ್ ಹೊಲಿಗಿ ಮಷೀನ್ರಿ. ಅದೂ ಓಡಂಗಿಲ್ಲ.”

“ಮಕ್ಳು?”

ಅಪ್ಪ ಗಂಟಲು ಸರಿಮಾಡಿಕೊಂಡ. “ಇಲ್ರಿ.”

“ಮತ್ತ ಇಕಿ ಯಾರು?”

“ಬಾಜೂಮನ್ಯಾಕಿ ರೀ. ಛತ್ರಿ ಹಿಡ್ಯಾಕ ಬಂದಾಳ.”

“ಮೂಗು ನಿಂದ ಐತಲ್ಲೋ ಮಾರಾಯಾ!”

“ಮೂಗಿಗೆ ಆದಾಯ ಇಲ್ಲಲ್ರಿ ಸಾಹೇಬ್ರ.”

ಗುಮಾಸ್ತರು ನಕ್ಕು ಠಸ್ಸೆ ಒತ್ತಿದರು. ನಾನೂ ನಕ್ಕೆ. ಹಾಸ್ಯ ಬರೆಯುವವಳು, ಅಷ್ಟು ಒಳ್ಳೆಯ ಮಾತಿಗೆ ನಗದಿದ್ದರೆ ಹೇಗೆ? ಹೊರಬಂದ ಮೇಲೆ ಅಪ್ಪ ಮುಂದೆ ನಡೆದ. ಓಣಿ ಮುಟ್ಟುವವರೆಗೆ ಹಿಂದಿರುಗಿ ನೋಡಲಿಲ್ಲ. ಅಂದಿನಿಂದ ನಾನು ನಿಜವಾಗಿಯೂ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ನಡುಗೋಡೆಗೆ ಕಿವಿ ಹಚ್ಚಿದರೆ ಅವನು ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅವನ ರೊಟ್ಟಿಗೆ ದುಂಡಗಾಗುವ ಹಣೆಬರಹವಿರಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ, ಒಂದು ಮುಂಜಾನೆ, ಸಾವುಕಾರರಿಗೆ ಮದುವೆಯ ಅಕ್ಷತೆಗೆ ತಡವಾಗಿತ್ತು. ಮೂರುಕಂಬದ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು. ಮೊಸರಿನ ಗಡಿಗೆ ಹೊತ್ತ ನೀಲಗಂಗವ್ವ ಎಂಬ ಹೆಂಗಸು, ದೀಪ ನಂಬಿ ರಸ್ತೆಗೆ ಇಳಿದಳು. ಹಿಂದಿನ ಸೀಟಿನಿಂದ ಬಂದದ್ದು ಒಂದೇ ಮಾತು: “ಲಗೂ.”

ಗಾಡಿಯೊಳಗಿನ ಕ್ಯಾಮೆರಾದಲ್ಲಿ ಎಲ್ಲ ಇದೆ, ನ್ಯಾಯಾಲಯದಲ್ಲಿ ತೋರಿಸಿದರು. ಅಪ್ಪ ಎದ್ದು ನಿಂತು, ಇಡೀ ಮೈಭಾರ ಹಾಕಿ ಸುಳ್ಳುಚಕ್ರವನ್ನು ಎಡಕ್ಕೆ ತಿರುಗಿಸುತ್ತಾನೆ. ಒಂದು ಸುತ್ತು, ಎರಡು ಸುತ್ತು. ಗಾಡಿ ನೇರ ಹೋಗುತ್ತದೆ. ಅವನ ಬಲಗೈಯ ಮಣಿಕಟ್ಟು ಮುರಿಯಿತು. ನೀಲಗಂಗವ್ವ ಅಲ್ಲೇ ಹೋದಳು. ಅವಳ ಬಗ್ಗೆ ತಮಾಷೆಯ ಒಂದು ಸಾಲೂ ನನ್ನ ಹತ್ತಿರ ಇಲ್ಲ.

ಸರಕಾರಿ ವಕೀಲರು ಆ ಚಿತ್ರವನ್ನೇ ಸಾಕ್ಷಿಯಾಗಿ ಹಿಡಿದರು. ಚಕ್ರ ತಿರುಗಿಸಿದವನೇ ಚಾಲಕನಲ್ಲವೇ? ನಿದ್ದೆ ಹೊಡೆಯುವ ದಂಡಾಳಾಗಿದ್ದರೆ ಸಂಶಯದ ಲಾಭವಾದರೂ ಸಿಗುತ್ತಿತ್ತು. ಪ್ರಾಮಾಣಿಕನಾಗಿ ಸಿಕ್ಕಿಬಿದ್ದ. “ನೀ ಏನರ ಹೇಳೂದು ಐತೇನು?” ಎಂದು ನ್ಯಾಯಾಧೀಶರು ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ: “ಲಗೂ ಅಂದಾಂವ ನಾ ಅಲ್ರಿ. ನಾ ತಿರುವಿದೆ, ಅದು ತಿರುಗ್ಲಿಲ್ಲ.” ಕಾನೂನಿನಲ್ಲಿ ಲಗೂ ಎಂಬ ಪದ ಇರಲಿಲ್ಲ. ದಂಡ, ಚಾಲಕನ ತೊಂಬತ್ತು ದಿನದ ಆದಾಯ. ಅದನ್ನು ಸಾವುಕಾರರು ಅಲ್ಲೇ ಜೇಬಿನಿಂದ ತೆಗೆದು ಕೊಟ್ಟರು, ಚಿಲ್ಲರೆಯನ್ನು ಹಿಂದಿರುಗಿ ಪಡೆಯಲಿಲ್ಲ. ನಾಲ್ಕು ವರ್ಷದ ಸೆರೆಮನೆಯೂ ಚಾಲಕನದೇ. ಅದನ್ನು ಜೇಬಿನಿಂದ ತೆಗೆದು ಕೊಡಲು ಯಾರಿಗೂ ಬರುವುದಿಲ್ಲ.

ನಮ್ಮ ಸೆರೆಮನೆಯಲ್ಲಿ ಭೇಟಿ ಪ್ರತಿ ತಿಂಗಳ ಮೂವತ್ತನೇ ತಾರೀಖು. ಹಾಗಾಗಿ ಇವತ್ತು ಹೋಗಿದ್ದೆ. ಫೆಬ್ರವರಿಗೆ ಮೂವತ್ತು ಬಂದದ್ದರಿಂದ ನನಗಾದ ಒಂದೇ ಉಪಕಾರ ಇದು, ಸಾವುಕಾರರ ಋಣ ಮರೆಯಬಾರದು. ಭೇಟಿಯ ಪುಸ್ತಕದಲ್ಲಿ “ಸಂಬಂಧ” ಎಂಬ ಕಡೆ ನಾನು “ಬಾಜೂಮನೆ” ಎಂದು ಬರೆಯುತ್ತೇನೆ. ಮಗಳು ಎಂದರೆ ಮಗಳಿಲ್ಲಪತ್ರ ಸುಳ್ಳಾಗುತ್ತದೆ, ಸುಳ್ಳು ಪತ್ರಕ್ಕೆ ಇನ್ನೂ ಮೂರು ವರ್ಷ. ಜಾಲರಿಯ ಆಚೆ ಅಪ್ಪ, ಈಚೆ ನಾನು, ನಡುವೆ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುವ ಕಾವಲುಗಾರ್ತಿ. ನಾವು ನೆರೆಯವರ ಹಾಗೆ ಮಾತಾಡುತ್ತೇವೆ. ಈಗ ಬಹಳ ರೂಢಿಯಾಗಿದೆ.

“ನಿಮ್ಮನಿ ಕಡೆ ಎಲ್ಲಾ ಆರಾಮೇನವಾ?” ಅಂದ.

“ಆರಾಮ್ರಿ ಕಾಕಾ.”

“ನಿಮ್ಮಪ್ಪ ಹೆಂಗದಾನ?”

ನಾನು ಅವನ ಮಣಿಕಟ್ಟು ನೋಡಿದೆ. ಸರಿಯಾಗಿ ಕೂಡಿಕೊಂಡಿಲ್ಲ. “ಸೊರಗ್ಯಾನ್ರಿ. ಉಣ್ಣಂಗಿಲ್ಲ ಕಾಣಸ್ತೈತಿ.”

“ಉಣ್ತಾನ, ಉಣ್ತಾನ. ಅವಂಗ ರೊಟ್ಟಿ ಬಡ್ಯಾಕ ಬರಂಗಿಲ್ಲ, ಇಲ್ಲಿ ಆದ್ರ ಬಡಿದಿದ್ದು ಸಿಗತೈತಿ.” ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕಾವಲುಗಾರ್ತಿ ಕಿಟಕಿಯ ಕಡೆ ತಿರುಗಿ ಕುಳಿತಳು. ಅಪ್ಪ ದನಿ ಇಳಿಸಿದ. “ನಿಮ್ಮಪ್ಪಗ ಹೇಳವಾ, ಮಗಳ ಅಕ್ಷರ ಇಲ್ಲಿ ಪೇಪರ್‌ನ್ಯಾಗ ಬರ್ತಾವು, ಓದಿಸ್ಕೊಂಡ ಕೇಳ್ತೀವಿ, ಎಲ್ಲಾರೂ ನಗ್ತಾರು ಅಂತ. ನಕ್ಕೋರು ಯಾರ ಮಗಳು ಅಂತ ಕೇಳ್ತಾರು. ನಾ ಗೊತ್ತಿಲ್ಲ ಅಂತೀನಿ.”

ಗಂಟೆ ಹೊಡೆಯಿತು. ನಾನು ಕಾಕಾ ಬರ್ತೀನ್ರಿ ಎಂದು ಹೇಳಿ ಬಂದು, ಸೆರೆಮನೆಯ ಎದುರಿನ ಹಿಂದಂಚೆಯ ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ನನ್ನ ಬಿನ್ನಹ ಚಿಕ್ಕದು. ಆದಾಯಕ್ಕೆ ತಕ್ಕ ದಂಡ ಬೇಡವೆಂದು ನನ್ನ ಪತ್ರ ಹಿಡಿದು ಯಾರಾದರೂ ಕುಣಿದರೆ ಅವರನ್ನು ಹೊರಗೆ ಕಳಿಸಿ. ಕಾನೂನು ಇರಲಿ. ಐದನೆಯ ಕಲಮಿನ ಪುಟ ತೆರೆಯಿರಿ. “ಚಾಲಕ” ಎಂಬಲ್ಲಿ ಒಂದು ಗೆರೆ ಎಳೆದು, ಮೇಲೆ “ಲಗೂ ಅಂದಾತ” ಎಂದು ಬರೆಯಿರಿ. ಇದು ಕಾನೂನಿನ ಭಾಷೆಯಲ್ಲ ಎಂದು ವಕೀಲರು ಮೂಗು ಮುರಿಯುತ್ತಾರೆ. ಮುರಿಯಲಿ. ಮೂಗಿಗೆ ಆದಾಯ ಇಲ್ಲ.

ನೀವು ಹಾಗೆ ಬರೆದರೆ ಬಡವನನ್ನು ಮುಂದೆ ಕೂರಿಸಿ ಯಾರಿಗೂ ಲಾಭವಿಲ್ಲ. ದಂಡಾಳುಗಳಿರುವುದಿಲ್ಲ, ಸಾವುಕಾರರು ಮನವಿ ಕೊಡುವುದಿಲ್ಲ, ಫೆಬ್ರವರಿ ಇಪ್ಪತ್ತೆಂಟಕ್ಕೇ ನಿಲ್ಲುತ್ತದೆ. ಆಗ ಈ ತಾರೀಖೂ ಇರುವುದಿಲ್ಲ, ಈ ಪತ್ರವೂ ಇರುವುದಿಲ್ಲ. ನೀವು ಯಾಕೆ ಗೆರೆ ಎಳೆದಿರೆಂಬುದು ನಿಮಗೇ ನೆನಪಾಗಲಿಕ್ಕಿಲ್ಲ. ನಾನೂ ಇಂದಿನ ಭೇಟಿ ಕಳೆದುಕೊಳ್ಳುತ್ತೇನೆ. ಪರವಾಗಿಲ್ಲ. ಯಾವುದೋ ಕಚೇರಿಯಲ್ಲಿ ಯಾರೋ ಗುಮಾಸ್ತರು ಇಕಿ ಯಾರು ಎಂದು ಕೇಳಿದಾಗ, ಫಕೀರಪ್ಪ ಗಂಟಲು ಸರಿಮಾಡಿಕೊಳ್ಳದೆ ಉತ್ತರ ಕೊಟ್ಟರೆ ಸಾಕು.

ಬೇಗ ಮಾಡಿ ಎಂದು ಬರೆಯಬೇಕೆಂದಿದ್ದೆ. ಬರೆಯಲಾರೆ. ಆ ಮಾತನ್ನು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ. ಸಾವಕಾಶವಾಗಿ, ಆದರೆ ಮರೆಯದೆ ಮಾಡಿ.

ಇಂತಿ,
ಹೊನ್ನವ್ವ
ಫಕೀರಪ್ಪನ ಬಾಜೂಮನ್ಯಾಕಿ