ಒಂದಿಂಚಿನ ತೇಪೆ

ಮನೆಯಿಂದ, ಅಜ್ಜಿಯ ಹೊಲಿಗೆ ಮೇಜಿನ ಮೇಲೆ
ಹದಿನಾರನೇ ತಾರೀಖು, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಎಡ ಮೊಣಕಾಲಿನ ನೋವು ಕಡಿಮೆಯಾಯಿತೇ? ಹಡಗಿನ ಆ ಕಬ್ಬಿಣದ ಏಣಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ, ಕೇಳಿದರೆ ಎರಡೇ ಸಲ ಅನ್ನುತ್ತೀರಿ. ಅಜ್ಜಿ ಹೊಲಿದು ಕಳಿಸಿದ ಪಟ್ಟಿಯನ್ನು ಮೊಣಕಾಲಿಗೆ ಕಟ್ಟಿಕೊಳ್ಳುತ್ತಿದ್ದೀರಾ, ಇಲ್ಲ ಅದರಲ್ಲಿ ಎಂಜಿನ್ ಒರೆಸುತ್ತಿದ್ದೀರಾ? ಇಲ್ಲಿ ನಾವು ಮೂವರೂ ಆರಾಮಾಗಿದ್ದೇವೆ. ಅಜ್ಜಿಗೆ ಹೊಸ ಕನ್ನಡಕ ಬಂದಿದೆ. ಸೂಜಿಗೆ ದಾರ ಪೋಣಿಸಲು ಈಗ ನನ್ನನ್ನು ಕರೆಯುವುದಿಲ್ಲ, ಬದಲಿಗೆ ಕೂತಲ್ಲಿಂದಲೇ ನನ್ನ ಮುಖದ ಮೊಡವೆ ಎಣಿಸುತ್ತಾಳೆ. ಅಮ್ಮನಿಗೆ ಈ ತಿಂಗಳೂ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯೇ. ಬೆಳಿಗ್ಗೆ ಎಂಟಕ್ಕೆ ಬಂದು, ಎರಡು ತುತ್ತು ತಿಂದು, ಒಂಬತ್ತಕ್ಕೆ ಮಲಗುತ್ತಾಳೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಮ್ಮ ಫೋನು ಬರುವುದು ಹಡಗು ಬಂದರು ಸೇರಿದಾಗ, ಹತ್ತು ಹನ್ನೆರಡು ದಿನಕ್ಕೊಮ್ಮೆ, ನಿಮ್ಮ ಪಾಳಿ ಮುಗಿದ ಕೂಡಲೇ. ಇಲ್ಲಿ ಆಗ ಬೆಳಿಗ್ಗೆ ಹನ್ನೊಂದು. ಆಡುವುದು ಎರಡು ನಿಮಿಷ, ಅದರಲ್ಲಿ ಒಂದೂವರೆ ನಿಮಿಷ ನಿಮ್ಮ ತೀರ್ಪು. ನಾನು "ಅಪ್ಪಾ, ಆದ್ರೆ" ಎನ್ನುವಷ್ಟರಲ್ಲಿ ಲೈನು ಹೋಗಿರುತ್ತದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೋಪ ಬಂದರೆ ಬರಲಿ, ಪೂರ್ತಿ ಓದಿದ ಮೇಲೆ ಬರಲಿ.

ವಿಷಯ ಇಷ್ಟೇ. ನನ್ನ ಕಂಪ್ಯೂಟರನ್ನು ಮಾರಿಲ್ಲ. ಮಾರುವುದೂ ಇಲ್ಲ.

ನೀವು ಹೇಳಿದ್ದು ನೆನಪಿದೆ, ಒಂದಕ್ಷರವೂ ಮರೆತಿಲ್ಲ. ಹೋದ ತಿಂಗಳು ಅಮ್ಮ ವಾರ್ಡಿನಲ್ಲಿ ಏಳನೇ ಮಂಚದವರ ಮಾತ್ರೆಯನ್ನು ಎಂಟನೇ ಮಂಚದವರ ಕೈಯಲ್ಲಿಟ್ಟಳು. ಪುಣ್ಯಕ್ಕೆ ಅವರೇ ನೋಡಿ "ಸಿಸ್ಟರ್, ಇದು ನಂದಲ್ಲ" ಎಂದರಂತೆ. ಅಮ್ಮ ಮನೆಗೆ ಬಂದು ಅದನ್ನು ಹೇಳಿದಳು. ನಿದ್ದೆಗೆಟ್ಟು ಹೀಗಾಯಿತು ಎಂದಳು. ಯಾಕೆ ನಿದ್ದೆ ಕೆಟ್ಟಿತು ಎಂದು ಅವಳು ಹೇಳಲಿಲ್ಲ. ನೀವು ಫೋನಿನಲ್ಲಿ ಹೇಳಿಬಿಟ್ಟಿರಿ: "ಆ ಡಬ್ಬ ಮಾರ್ಬಿಡು. ಅವಳ ನಿದ್ದೆಗಿಂತ ನಿನ್ನ ಆಟ ದೊಡ್ಡದಲ್ಲ." ಹಳೆ ಕಂಪ್ಯೂಟರ್ ಕೊಳ್ಳುವ ನಿಮ್ಮ ಸ್ನೇಹಿತರಿಗೆ ಈ ತಿಂಗಳ ಎಂಟನೇ ತಾರೀಖು ಶನಿವಾರ ಬಂದು ಒಯ್ಯಲು ಅಲ್ಲಿಂದಲೇ ಹೇಳಿಯೂ ಆಗಿತ್ತು.

ನಿದ್ದೆಯ ಮಾತು ಒಪ್ಪುತ್ತೇನೆ. ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆ ತೋರಿಸುವ ಚಿತ್ರಗಳನ್ನು ಮಾಡುವುದು ನನ್ನ ಕೆಲಸ. ಒಂದೊಂದು ಚಿತ್ರಕ್ಕೂ ಕಂಪ್ಯೂಟರು ಗಂಟೆಗಟ್ಟಲೆ ಬೇಯುತ್ತದೆ, ಅದರ ಫ್ಯಾನುಗಳು ಅರಚುತ್ತವೆ, ಅದು ನಿಂತಿದ್ದೋ ಅಮ್ಮನ ತಲೆದಿಂಬಿನ ಪಕ್ಕ. ಅದು ನನ್ನ ತಪ್ಪೇ. ಆದರೆ ಆಟ ಎಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ. ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ ಅಪ್ಪಾ. ಮೂಲೆಮನೆ ಕಟ್ಟಿದ ಎಂಜಿನಿಯರು ನನ್ನ ಚಿತ್ರ ನೋಡಿ ಮೆಟ್ಟಿಲಿನ ಜಾಗವನ್ನೇ ಬದಲಿಸಿದರು. ಆಟಕ್ಕೆ ಯಾರಾದರೂ ಮೆಟ್ಟಿಲು ಕಿತ್ತು ಬೇರೆ ಕಡೆ ಇಡುತ್ತಾರೆಯೇ?

ಅಮ್ಮನ ನಿದ್ದೆಯೂ ಉಳಿಯಬೇಕು, ನನ್ನ ಕೆಲಸವೂ ಉಳಿಯಬೇಕು ಎಂದು ಹಠ ಹಿಡಿದೆ. ಮನೆಯಲ್ಲಿರುವುದು ಎರಡು ಕೋಣೆ. ಒಂದರಲ್ಲಿ ಒಲೆ, ಪಾತ್ರೆ, ಅಜ್ಜಿಯ ಬಟ್ಟೆಯ ಗಂಟುಗಳು. ಇನ್ನೊಂದರಲ್ಲಿ ನಾವು. ಅಮ್ಮನ ಮಂಚದಿಂದ ದೂರವಿರುವ ಒಂದೇ ಜಾಗವೆಂದರೆ ಈ ಹೊಲಿಗೆ ಮೇಜಿನ ಕೆಳಗಿನ ಹಲಗೆ. ಅಲ್ಲಿ ಹಿಡಿಸುವುದು ಬೂಟಿನ ಡಬ್ಬದಷ್ಟು ದೊಡ್ಡ ಪೆಟ್ಟಿಗೆ ಮಾತ್ರ. ಹಾಗಾಗಿ ಒಂದು ಪುಟ್ಟ ಅಲ್ಯೂಮಿನಿಯಂ ಕೇಸು ತಂದೆ, ಒಳಗಿನದನ್ನೆಲ್ಲ ಅದಕ್ಕೆ ಸಾಗಿಸಿ, ಗಾಳಿಯ ಬದಲು ನೀರಿನಿಂದ ತಂಪು ಮಾಡುವುದೆಂದು ತೀರ್ಮಾನಿಸಿದೆ. ನೀವು ಈಗ ಹುಬ್ಬು ಗಂಟಿಕ್ಕಿದ್ದು ಇಲ್ಲಿಂದಲೇ ಕಾಣುತ್ತಿದೆ. ನೀರು, ಕರೆಂಟು, ಒಂದೇ ಪೆಟ್ಟಿಗೆಯಲ್ಲಿ! ಆದರೆ ಅಪ್ಪಾ, ಅಷ್ಟು ದೊಡ್ಡ ಹಡಗಿನ ಎಂಜಿನ್ನನ್ನು ನೀವು ತಂಪು ಮಾಡುವುದು ಯಾವುದರಿಂದ? ನೀವು ಮಾಡಿದರೆ ಕೆಲಸ, ನಾನು ಮಾಡಿದರೆ ಹುಚ್ಚು, ಇದ್ಯಾವ ನ್ಯಾಯ?

ಆ ಪೆಟ್ಟಿಗೆ ಮಾಡಿದವರು ಅದರೊಳಗೆ ನೀರು ಹರಿದೀತೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಒಳಗಿನ ಗೂಡುಗಳ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆದೆ. ಮೇಲಿನ ತಗಡಿನಲ್ಲಿ, ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿಗೆ ಉದ್ದನೆಯ ಕಿಂಡಿ ಕೊಯ್ಯಬೇಕಿತ್ತು. ಅದಕ್ಕೆ ಲೇತ್ ಅಂಗಡಿಗೆ ಹೋದೆ. ಅಲ್ಲಿಯ ಯಜಮಾನರು ನಿಮ್ಮನ್ನು ಬಹಳ ಕೇಳಿದರು. ಗರಗಸದ ಮಿಷನ್ನನ್ನು ನನ್ನ ಕೈಯಿಂದ ತೆಗೆದುಕೊಳ್ಳಲು ಅದಕ್ಕಿಂತ ಹೆಚ್ಚು ಪ್ರಯತ್ನಿಸಿದರು. "ಕೊಡಮ್ಮ, ನಾನ್ ಮಾಡ್ಕೊಡ್ತೀನಿ" ಎಂದು ಮೂರು ಸಲ ಹೇಳಿದರು. ಪೆಟ್ಟಿಗೆ ನನ್ನದು, ಕೆಟ್ಟರೆ ನನ್ನ ಕೈಯಲ್ಲೇ ಕೆಡಲಿ ಎಂದೆ. ಕೆಟ್ಟಿತು.

ಹೇಗೆಂದು ಕೇಳಿ, ನಗಬೇಡಿ. ಅಜ್ಜಿಯ ಟೇಪಿನ ಮೊದಲ ಇಂಚು ನಾನು ಹುಟ್ಟುವ ಮೊದಲೇ ಹರಿದುಹೋಗಿದೆ. ಅವಳು ಅದನ್ನು ಬಿಸಾಡುವವಳಲ್ಲ. ಹಾಗಾಗಿ ಈ ಮನೆಯಲ್ಲಿ ಏನನ್ನು ಅಳೆದರೂ ಒಂದು ಕಳೆದು ಬರೆಯುತ್ತೇವೆ, ಹಲ್ಲುಜ್ಜುವಷ್ಟು ರೂಢಿಯಾಗಿದೆ. ಪೆಟ್ಟಿಗೆಯ ಹಿಂಬದಿಯ ಐದು ಇಂಚು ಜಾಗದಲ್ಲಿ ಕರೆಂಟು ಹಂಚುವ ಪವರ್ ಸಪ್ಲೈ ಕೂತಿದೆ. ಕಿಂಡಿ ಅದನ್ನು ದಾಟಿ ಶುರುವಾಗಬೇಕು. ಲೇತ್ ಅಂಗಡಿಯ ಸ್ಟೀಲಿನ ಸ್ಕೇಲಿನಿಂದ ಅಳೆದೆ, ಸ್ಕೇಲು ಸರಿಯಾಗಿ ಐದು ಎಂದಿತು, ನನ್ನ ಕೈ ನಾಲ್ಕು ಎಂದು ಬರೆಯಿತು. ಕೊಯ್ದು, ಅಂಚು ಉಜ್ಜಿ, ಬೀಗುತ್ತಾ ಮನೆಗೆ ತಂದು ರೇಡಿಯೇಟರ್ ಇಟ್ಟು ನೋಡಿದರೆ ಅದು ಕೂರಲೇ ಇಲ್ಲ. ಮುಂದೆ ಒಂದಿಂಚು ಸಾಲದು, ಅದನ್ನಾದರೆ ಇನ್ನೂ ಕೊಯ್ಯಬಹುದು. ಹಿಂದೆ ಒಂದಿಂಚು ಹೆಚ್ಚು ಕೊಯ್ದಿದ್ದೆ, ಅದೂ ನೀರಿನ ಹನಿ ಬೀಳಲೇಬಾರದ ಪವರ್ ಸಪ್ಲೈಯ ನೆತ್ತಿಯ ಮೇಲೆ. ಆ ಕಡೆಯ ಸ್ಕ್ರೂ ಕೂರಲು ತಗಡೇ ಇಲ್ಲ. ಕೊಯ್ದ ತಗಡನ್ನು ಮರಳಿ ತರುವುದು ಹೇಗೆ? ತಲೆ ಮೇಲೆ ಕೈ ಹೊತ್ತು ಕೂತೆ. ನೀವೂ ಬಡಗಿಗೆ ಇದೇ ರೀತಿ ಅಳತೆ ಕೊಟ್ಟು ಬಚ್ಚಲ ಬಾಗಿಲನ್ನು ಒಂದಿಂಚು ಗಿಡ್ಡ ಮಾಡಿಸಿದ್ದು, ಅದರ ಕೆಳಗಿನಿಂದ ಇವತ್ತಿಗೂ ಇಲಿ ನುಗ್ಗುವುದು ನೆನಪಾಗಿ ಸ್ವಲ್ಪ ಸಮಾಧಾನವಾಯಿತು.

ಲೇತ್ ಅಂಗಡಿಗೆ ವಾಪಸ್ ಹೋಗಿ ಆ ಯಜಮಾನರ ಮುಖ ನೋಡುವ ಧೈರ್ಯ ಬರಲಿಲ್ಲ. ಅಜ್ಜಿ ಹೊಲಿಗೆ ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಪೆಟ್ಟಿಗೆಯನ್ನು ಹರಿದ ಅಂಗಿಯಂತೆ ಮಡಿಲಲ್ಲಿಟ್ಟು ನೋಡಿದಳು. ಆಮೇಲೆ ಹೇಳಿದಳು: "ತೇಪೆ ಹಾಕು. ತೂತಿಗಿಂತ ದೊಡ್ಡದು ಕತ್ತರಿಸ್ಕೋ, ಒಳಗಡೆಯಿಂದ ಇಡು, ಸುತ್ತ ಎರಡು ಸಾಲು ಹೊಲಿಗೆ. ಅದಕ್ಯಾಕ್ ಅಳ್ತೀಯ?" ನಾನು ಅಳುತ್ತಿರಲಿಲ್ಲ, ಇನ್ನೇನು ಶುರುಮಾಡುವವಳಿದ್ದೆ. ಹೊಲಿಗೆಯ ಜಾಗದಲ್ಲಿ ರಿವೆಟ್ಟು. ತಗಡು ಎಲ್ಲಿಂದ? ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ನಿಮ್ಮ ಟೂಲ್ ಬಾಕ್ಸಿನ ಮೇಲಿನ ತಟ್ಟೆಯನ್ನು ಕತ್ತರಿಸಿದೆ. ಹೌದು, ಕೆಲಸ ಕಲಿಯುವಾಗ ನೀವು ಮೊಳೆಯಿಂದ ಕುಟ್ಟಿ ನಿಮ್ಮ ಹೆಸರು ಬರೆದಿದ್ದ ಅದೇ ತಟ್ಟೆ. ಅಷ್ಟು ಗಟ್ಟಿ ತಗಡು ಮನೆಯಲ್ಲಿ ಇನ್ನೊಂದಿರಲಿಲ್ಲ. ಬಂದ ಮೇಲೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಇನ್ನೂ ಇದೆ. ನಿಮ್ಮ ಒತ್ತಡ ನೋಡುವ ಗೇಜನ್ನೂ ತೆಗೆದುಕೊಂಡೆ. ನೀರು ತುಂಬುವ ಮೊದಲು ಕೊಳವೆಗಳಿಗೆ ಸೈಕಲ್ ಪಂಪಿನಿಂದ ಗಾಳಿ ಹಾಕಿ, ಮುಳ್ಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಹತ್ತೇ ನಿಮಿಷದಲ್ಲಿ ಮುಳ್ಳು ಇಳಿಯತೊಡಗಿತು. ನೀವು ಮಾಡುವಂತೆಯೇ ಸೋಪಿನ ನೀರು ಸವರಿದೆ, ಮೂರನೇ ಜೋಡಣೆಯಲ್ಲಿ ಗುಳ್ಳೆ ಎದ್ದಿತು. ಬಿಚ್ಚಿ, ರಬ್ಬರಿನ ಉಂಗುರ ಸರಿಯಾಗಿ ಕೂರಿಸಿ ಬಿಗಿದೆ. ಆಮೇಲೆ ಒಂದು ಗಂಟೆ ಕಳೆದರೂ ಮುಳ್ಳು ಅಲುಗಲಿಲ್ಲ. ನಟ್ಟು ಬಿಗಿದ ಮೇಲೆ ನಟ್ಟಿಗೂ ಪೈಪಿಗೂ ಸೇರಿಸಿ ನೀವೊಂದು ಬಣ್ಣದ ಗೆರೆ ಎಳೆಯುತ್ತೀರಲ್ಲ, ಗೆರೆ ಮುರಿದರೆ ನಟ್ಟು ತಿರುಗಿದೆ ಎಂದು ಗೊತ್ತಾಗಲಿ ಅಂತ? ಅಡುಗೆ ಮನೆಯ ನಲ್ಲಿಗೂ, ನನ್ನ ಸೈಕಲ್ಲಿಗೂ ಎಳೆದಿಟ್ಟು ಹೋಗಿದ್ದೀರಿ. ನಾನೂ ಹತ್ತು ಜೋಡಣೆಗೆ ಹತ್ತು ಗೆರೆ ಎಳೆದೆ, ಆಸ್ಪತ್ರೆಯಲ್ಲಿ ಹಚ್ಚುವಂತಿಲ್ಲವೆಂದು ಅಮ್ಮ ಮುಟ್ಟದೇ ಇಟ್ಟಿದ್ದ ಕೆಂಪು ಉಗುರುಬಣ್ಣದಿಂದ. ಕೊಳವೆಗಳಲ್ಲಿ ನೀರು ತಿರುಗಿಸುವ ಪುಟ್ಟ ಪಂಪಿನ ಅದುರು ಹಲಗೆಗೆ ತಾಗದಿರಲೆಂದು ಅದರ ಕೆಳಗೆ ಅಜ್ಜಿ ಕೋಟಿನ ಭುಜಕ್ಕೆ ಹಾಕುವ ಎರಡು ಮೆತ್ತೆ ಕೊಟ್ಟಳು. ಪಂಪು ಈಗ ಸಾಹೇಬರಂತೆ ಕೂತಿದೆ.

ಆರನೇ ತಾರೀಖು ಗುರುವಾರ ಅಮ್ಮನಿಗೆ ರಜೆ. ಅವಳು ಚಿಕ್ಕಮ್ಮನ ಮನೆಗೆ ಹೋದವಳು ಶುಕ್ರವಾರ ಅಲ್ಲಿಂದಲೇ ಡ್ಯೂಟಿಗೆ ಹೋದಳು. ಆ ಎರಡು ದಿನದಲ್ಲಿ ಹಳೆ ದೊಡ್ಡ ಪೆಟ್ಟಿಗೆಯನ್ನು ಮಂಚದ ಪಕ್ಕದಿಂದ ತೆಗೆದು, ಒಳಗಿನದನ್ನೆಲ್ಲ ಹೊಸದಕ್ಕೆ ಜೋಡಿಸಿದೆ. ನೀರು ತುಂಬಿ, ಕಂಪ್ಯೂಟರಿಗೆ ಕರೆಂಟು ಕೊಡದೆ ಪಂಪನ್ನು ಮಾತ್ರ ಒಂದು ಇಡೀ ದಿನ ಓಡಿಸಿದೆ. ಪ್ರತಿ ಜೋಡಣೆಯ ಕೆಳಗೆ ಇಟ್ಟಿದ್ದ ಕಾಗದ ಇಟ್ಟ ಹಾಗೇ ಒಣಗಿಯೇ ಇತ್ತು. ಶನಿವಾರ ಬೆಳಿಗ್ಗೆ ಅಮ್ಮ ಪಾಳಿ ಮುಗಿಸಿ ಬಂದು, ಅರ್ಧ ಕಣ್ಣು ಮುಚ್ಚಿಕೊಂಡೇ ಮಂಚ ಹತ್ತಿದಳು. ನಾನು ಸ್ವಿಚ್ ಒತ್ತಿ, ಇದ್ದುದರಲ್ಲೇ ಅತಿ ಭಾರದ ಚಿತ್ರ ಹಾಕಿದೆ.

ಹತ್ತೂವರೆಗೆ ನಿಮ್ಮ ಸ್ನೇಹಿತರು ಬಂದರು. ಪಿಸುಮಾತಿನಲ್ಲೇ ಒಳಗೆ ಕರೆದೆ. ಡಬ್ಬ ಎಲ್ಲಿ ಎಂದರು. ಹಲಗೆ ತೋರಿಸಿದೆ. ಬಗ್ಗಿ, ಕಿವಿ ಹತ್ತಿರ ತಂದು, "ಆಫ್ ಮಾಡಿದ್ಯಲ್ಲಮ್ಮ, ಕೆಲ್ಸ ಮಾಡುತ್ತೋ ಇಲ್ವೋ ನೋಡ್ಬೇಕಲ್ಲ" ಎಂದರು. ಒಂದೂವರೆ ಗಂಟೆ ಹೊತ್ತಿನಿಂದ ಓಡುತ್ತಿದೆ ಎಂದೆ. ಕಿಂಡಿಯ ಮೇಲೆ ಅಂಗೈ ಹಿಡಿದರು, ಬೆಚ್ಚನೆಯ ಗಾಳಿ ತಾಗಿತು. ಇದು ಮಾರಾಟಕ್ಕಿಲ್ಲ, ಅಪ್ಪನಿಗೆ ನಾನೇ ಹೇಳುತ್ತೇನೆ ಎಂದೆ. ಚಹಾ ಕುಡಿದು ಬರಿಗೈಯಲ್ಲಿ ಹೋದರು. ನಿಮ್ಮ ಮೇಲೆ ಅವರಿಗೇನೂ ಬೇಜಾರಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಎಚ್ಚರವಾಯಿತು. ಆಗ ಹನ್ನೊಂದು. ಅವರ ದನಿಗೇ ಎದ್ದಳು ಎಂದುಕೊಂಡೆ. ಎದ್ದು ಕೂತು, ಮಂಚದ ಪಕ್ಕ ಖಾಲಿ ನೆಲ ನೋಡಿದಳು. ಧೂಳಿನಲ್ಲಿ ಹಳೆ ಪೆಟ್ಟಿಗೆಯ ಚೌಕದ ಗುರುತು ಮಾತ್ರ ಇತ್ತು. "ಮಾರ್ಬಿಟ್ಯಾ?" ಎಂದಳು. ಅಪ್ಪಾ, ಅವಳ ಕಣ್ಣು ತುಂಬಿತ್ತು. "ನಂಗೊಂದ್ ಮಾತು ಕೇಳ್ಬಾರ್ದಿತ್ತಾ?" ಎಂದಳು. ಅವಳನ್ನು ನಾನೂ ಕೇಳಿರಲಿಲ್ಲ, ನೀವೂ ಕೇಳಿರಲಿಲ್ಲ. ಅವಳ ನಿದ್ದೆಯ ಬಗ್ಗೆ ಇಷ್ಟು ಜಗಳವಾಡಿದ ನಾವಿಬ್ಬರೂ ಅವಳನ್ನು ಒಂದು ಮಾತು ಕೇಳಲಿಲ್ಲ. ಕೈ ಹಿಡಿದು ಕರೆತಂದು ತೋರಿಸಿದೆ. ಮಂಡಿಯೂರಿ ಕೂತು ತೇಪೆಯ ಮೇಲಿನ ನಿಮ್ಮ ಹೆಸರನ್ನು ಬೆರಳಿನಿಂದ ಸವರಿ ಸವರಿ ನಕ್ಕಳು. ಉಗುರುಬಣ್ಣ ಕಂಡ ಮೇಲೆ ನಗು ನಿಲ್ಲಿಸಿ ಬೈದಳು.

ಇಷ್ಟು ಸುದ್ದಿ. ನಿಮ್ಮ ಮಾತು ಮೀರಿದ್ದಕ್ಕೆ ಕ್ಷಮೆ ಕೇಳುವುದಿಲ್ಲ, ಕೇಳಿದರೂ ಅದು ಸುಳ್ಳಾಗುತ್ತದೆ. ತಟ್ಟೆ ಕತ್ತರಿಸಿದ್ದಕ್ಕೆ ಬೇಕಾದರೆ ಕೇಳುತ್ತೇನೆ. ಬಂದಾಗ ನೀವೇ ಪೆಟ್ಟಿಗೆ ಬಿಚ್ಚಿ ಹತ್ತು ಗೆರೆಗಳನ್ನೂ ನೋಡಿ. ಒಂದು ಮುರಿದಿದ್ದರೂ ಅವತ್ತೇ ನಾನೇ ಹೊತ್ತೊಯ್ದು ಮಾರಿ ಬರುತ್ತೇನೆ. ಅಜ್ಜಿ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಪಟ್ಟಿ ಕಟ್ಟಿಕೊಳ್ಳಲು ಹೇಳಿದ್ದಾಳೆ. ಅಮ್ಮ ಮಲಗಿದ್ದಾಳೆ. ಏಣಿ ಇಳಿಯುವಾಗ ಜೋಪಾನ.

ನೀವೇ ಹೆಸರಿಟ್ಟ,
ಮೊಂಡಿ

ಲಕೋಟೆ ಅಂಟಿಸುವ ಮೊದಲು ಇನ್ನೊಂದು, ಬೇಗ ಬರೆಯುತ್ತೇನೆ, ಅಮ್ಮ ಏಳುವ ಹೊತ್ತಾಯಿತು. ಪೆಟ್ಟಿಗೆ ಸದ್ದಿಲ್ಲದಂತಾಗಿ ಎಂಟು ದಿನ. ಈಗ ಅವಳಿಗೆ ಮಲಗಿದ ಕೂಡಲೇ ನಿದ್ದೆ ಹತ್ತುತ್ತದೆ. ಆದರೆ ದಿನವೂ ಸರಿಯಾಗಿ ಹನ್ನೊಂದಕ್ಕೆ ಕಣ್ಣು ಬಿಡುತ್ತಾಳೆ. ಯಾರೂ ಬಂದಿರುವುದಿಲ್ಲ, ಏನೂ ಸದ್ದಾಗಿರುವುದಿಲ್ಲ. ದಿಂಬಿನ ಕೆಳಗಿಂದ ಫೋನು ತೆಗೆದು ನೋಡುತ್ತಾಳೆ, ಮತ್ತೆ ಇಡುತ್ತಾಳೆ. ಆಮೇಲೆ ಅವಳಿಗೆ ನಿದ್ದೆ ಬರುವುದಿಲ್ಲ. ನೀವು ಫೋನ್ ಮಾಡುವುದು ಹತ್ತು ದಿನಕ್ಕೊಮ್ಮೆ, ಅವಳು ಏಳುವುದು ದಿನವೂ. ಇದನ್ನು ಅವಳು ನಿಮಗೆ ಸಾಯುವವರೆಗೂ ಹೇಳುವವಳಲ್ಲ, ನಾನು ಹೇಳುತ್ತಿದ್ದೇನೆ. ಇನ್ನು ಮೇಲೆ ಇಲ್ಲಿಯ ಮೂರು ಗಂಟೆ ದಾಟಿದ ಮೇಲೆ ಫೋನ್ ಮಾಡಿ. ಪಾಳಿ ಮುಗಿಸಿ ನಾಲ್ಕು ಗಂಟೆ ನೀವು ಎಚ್ಚರವಿರಬೇಕಾಗುತ್ತದೆ, ಗೊತ್ತು. ಹತ್ತು ದಿನಕ್ಕೊಮ್ಮೆ ಇರಿ. ಹಾಗೆ ಮಾಡುತ್ತೇನೆಂದು ಅವಳಿಗೆ ನೀವೇ ಹೇಳಬೇಕು. ನನ್ನ ಫ್ಯಾನುಗಳ ಬಾಯಿ ನಾನು ಮುಚ್ಚಿಸಿದ್ದೇನೆ. ಉಳಿದದ್ದು ನಿಮ್ಮ ಕೆಲಸ.