ನಾರುಮರದ ಇಳಿಜಾರು

ಸೋಮವಾರ

ಪುಟ್ಟಿಯ ಅಪ್ಪನಿಗೆ ನಮಸ್ಕಾರಗಳು.

ಬೇರೆ ಮನೆ ಮಾಡಿದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಜಗಳಕ್ಕಲ್ಲ, ಪೂರ್ತಿ ಓದಿ.

ಗುಡ್ಡ ಕುಸಿದ ಸುದ್ದಿ ನಿಮ್ಮ ರಸ್ತೆ ಕಚೇರಿಗೆ ತಲುಪಿರುತ್ತದೆ. ಸತ್ತವರಲ್ಲಿ ಹಗ್ಗದಜ್ಜಿಯೂ ಇದ್ದಾಳೆ ಎಂಬುದು ತಲುಪಿರಲಿಕ್ಕಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ, ನಿಮ್ಮ ರಸ್ತೆ ಹಾಯಬೇಕಿದ್ದ ಆ ಗುಡ್ಡಕ್ಕೆ ಕಾಡುಮರಗಳ ಸಮೀಕ್ಷೆಗೆ ಹೋದಾಗ ನನ್ನನ್ನು ಮನೆಯಲ್ಲಿಟ್ಟುಕೊಂಡವಳು ಅವಳೇ. ಈ ಸೀಮೆಯಲ್ಲಿ ಇವೆಯೆಂದು ಯಾರೂ ದಾಖಲಿಸದಿದ್ದ ಮರಗಳು ಆ ಇಳಿಜಾರಿನಲ್ಲಿ ಸಿಕ್ಕವು. ಒಂದರ ಹಣ್ಣಿನಿಂದ ಅಲ್ಲಿಯವರು ನೂಲಿಗೆ ಬಣ್ಣ ಕಟ್ಟುತ್ತಿದ್ದರು. ಇನ್ನೊಂದರ ಎಲೆ ಅರೆದು ಸುಟ್ಟ ಗಾಯಕ್ಕೆ ಹಚ್ಚುತ್ತಿದ್ದರು. ಉಳಿದದ್ದು ನಾರುಮರ, ಇಳಿಜಾರಿನ ತುಂಬ ಅದೇ. ಅದರ ತೊಗಟೆಯ ನಾರು ಹೊಸೆದು ಅಜ್ಜಿ ಹಗ್ಗ ಮಾಡುತ್ತಿದ್ದಳು. ಮಾದರಿಗೆಂದು ನಾನು ಕೊಂಬೆ ಕತ್ತರಿಸಿದರೆ, “ಸಾಕು ಬಿಡೇ, ಅದಕ್ಕೂ ನೋವಾಗತ್ತೆ. ಬೇಕಾದ್ರೆ ನಿನ್ನ ಜಡೆ ಕತ್ತರಿಸ್ಕೋ” ಎಂದು ನಗುತ್ತಿದ್ದಳು.

ಈ ಮರಗಳ ಬೇರೇ ಇಳಿಜಾರಿನ ಮಣ್ಣನ್ನು ಹಿಡಿದಿದೆ, ಕಡಿಯಬಾರದು ಎಂದು ಬರೆದ ವರದಿಯನ್ನು ನಿಮ್ಮ ಕೈಗೇ ಕೊಟ್ಟಿದ್ದೆ. “ಇಷ್ಟಕ್ಕೆಲ್ಲ ರಸ್ತೆ ತಿರುಗಿಸೋಕಾಗತ್ತಾ? ಮನೇಲೂ ಹೀಗೇ ನೀನು, ಕಡ್ಡೀನ ಗುಡ್ಡ ಮಾಡ್ತೀಯ” ಎಂದಿರಿ. ನಿಮ್ಮ ಟಿಪ್ಪಣಿಯಲ್ಲಿ ಅವೆಲ್ಲ ‘ಕುರುಚಲು ಗಿಡ’ಗಳಾದವು.

ಮರಗಳನ್ನು ಉರುಳಿಸಿದ ಮೇಲಿನ ಮೊದಲ ದೊಡ್ಡ ಮಳೆಗೇ ಇಳಿಜಾರು ಜಾರಿತು. ಬೆಳಗಿನ ಹೊತ್ತು, ಒಲೆಗಳು ಉರಿಯುತ್ತಿದ್ದವು. ಮನೆಗಳ ಕೆಳಸಾಲು ಮಣ್ಣಿನಡಿ ಹೋಯಿತು. ನಿಮ್ಮ ಹೊಸ ರಸ್ತೆಯೇ ಮುಚ್ಚಿಹೋಗಿ ಯಂತ್ರಗಳು ಬರುವಂತಿರಲಿಲ್ಲ. ಹಾಲಿಗೆಂದು ಹೊರಗೆ ಹೋಗಿದ್ದ ಅಜ್ಜಿಗೆ ಏನೂ ಆಗಿರಲಿಲ್ಲ. ಕೊಟ್ಟಿಗೆಯಲ್ಲಿದ್ದ ಹಗ್ಗದ ಸುರುಳಿಗಳನ್ನೆಲ್ಲ ಹೊತ್ತು ತಂದಳು. ಅವುಗಳಿಂದಲೇ ಒಬ್ಬೊಬ್ಬರನ್ನಾಗಿ ಎಳೆದು ತೆಗೆದರು. ಒಳಗೆ ಇನ್ನೂ ಯಾರೋ ನರಳುವುದು ಕೇಳಿಸಿತು. ಸಂದಿ ಕಿರಿದು, ಗಂಡಸರು ಹಿಡಿಸುವಂತಿರಲಿಲ್ಲ. “ನಾನು ಕಡ್ಡಿ ಇದ್ದಹಾಗಿದೀನಿ, ಬಿಡ್ರೋ” ಎಂದು ಅವಳೇ ಇಳಿದಳು. ಹಗ್ಗ ಬಿಗಿದು, ಎಳೆಯಿರಿ ಎಂದು ಕೂಗಿದಳು. ಎಳೆದರು. ಅವಳು ಹತ್ತಿ ಬರುವಷ್ಟರಲ್ಲಿ ಮೇಲಿನಿಂದ ಮತ್ತೆ ಮಣ್ಣು ಬಂತು.

ತನಿಖೆಯವರು ನಿಮ್ಮನ್ನು ಕೇಳುತ್ತಾರೆ. ವರದಿ ಬಂದಿತ್ತು, ಓದಿದ್ದೆ ಎಂದು ಹೇಳಿ. ಕೆಲಸ ಹೋಗಬಹುದು, ಗೊತ್ತಿದ್ದೇ ಕೇಳುತ್ತಿದ್ದೇನೆ. ನೀವು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ. ಮುಂದೊಂದು ದಿನ ಪುಟ್ಟಿಗೆ ಇದು ಗೊತ್ತಾಗುವುದಾದರೆ ಅವಳ ಅಪ್ಪನ ಬಾಯಿಂದಲೇ ಗೊತ್ತಾಗಲಿ ಎಂಬುದು ನನ್ನ ಆಸೆ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಅಕ್ಷರ ನನ್ನದಲ್ಲವೆಂದು ಆಗಲೇ ಗುರುತಿಸಿರುತ್ತೀರಿ. ಆಸ್ಪತ್ರೆಯ ನರ್ಸ್ ಬರೆದುಕೊಡುತ್ತಿದ್ದಾರೆ. ನಾರುಮರದ ಸಸಿ ಒಂದಾದರೂ ಉಳಿದಿದೆಯೇ ನೋಡೋಣವೆಂದು ಗುಡ್ಡ ಕುಸಿಯುವ ಹಿಂದಿನ ದಿನ ಅಲ್ಲಿಗೆ ಹೋಗಿ, ರಾತ್ರಿ ಅಜ್ಜಿಯ ಮನೆಯಲ್ಲೇ ಉಳಿದಿದ್ದೆ. ಅಜ್ಜಿ ಕೊನೆಗೆ ಹಗ್ಗ ಬಿಗಿದದ್ದು ನನ್ನ ಸೊಂಟಕ್ಕೆ. ಬಲಗೈ ಜಜ್ಜಿಹೋಗಿತ್ತು, ತೆಗೆದಿದ್ದಾರೆ. ಪುಟ್ಟಿಯನ್ನು ಕರೆತನ್ನಿ. ದಾರಿಯಲ್ಲೇ ಎಲ್ಲ ಹೇಳಿ ಕರೆತನ್ನಿ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಅವಳು ಹೆದರಬಾರದು.