ಬೋರ್ಡಿನ ಕೆಳಗಿನ ನಂಬರ್

ಮುಸ್ತಾಕ್,

ಇವತ್ತು ಕೌಲ್ ಬಜಾರಿನ ನಮ್ಮ ಮೊಬೈಲ್ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹಚ್ಚಿಸಿದೆ. ದೇಶಕ್ಕೆ ಸಿಡಿಎಂಎ ಬೇಕೋ ಜಿಎಸ್ಎಂ ಬೇಕೋ ಎಂದು ಕಂಪನಿಗಳು ಕಿತ್ತಾಡುತ್ತಿದ್ದಾಗ ನಾವೂ ಇಲ್ಲಿ ಕಿತ್ತಾಡಿದೆವು. ನೀನು ಸಿಮ್ ಇಲ್ಲದ ಸಿಡಿಎಂಎ ಸೆಟ್ ಮಾರುತ್ತಿದ್ದೆ, ನಾನು ಸಿಮ್ ಹಾಕುವ ಜಿಎಸ್ಎಂ ಸೆಟ್. ಬೋರ್ಡಿನಲ್ಲಿ ನನ್ನ ನಂಬರ್ ಮೇಲೆ, ನಿನ್ನದು ಕೆಳಗೆ ಬರೆಸಿದೆ ಎಂದು ನೀನು ಅಂಗಡಿ ಬಿಟ್ಟು ಹೋದೆ.

ಗೆದ್ದದ್ದು ನನ್ನ ಸಿಮ್ಮೇ. ನಿನ್ನ ನೆಟ್‌ವರ್ಕ್ ಮುಚ್ಚಿ ವರ್ಷಗಳಾದವು. ನಿನ್ನ ಮಣ್ಣಿಗೂ ನಾನು ನಿನ್ನೂರು ಸಿರುಗುಪ್ಪಕ್ಕೆ ಬರಲಿಲ್ಲ.

ಪೇಂಟರ್ ಹುಲುಗೇಶ್ ಏಣಿಯ ಮೇಲಿಂದ ಕೇಳಿದ: “ಮುನಾಫಣ್ಣ, ಕೆಳಗಿನ ನಂಬರ್ ಮಾಸಿ ಹೋಗೈತಿ, ಓದಾಕ ಬರವಲ್ದು. ಬಿಟ್ಟುಬಿಡ್ಲೇನ್ರಿ?”

“ಬ್ಯಾಡ, ಅದನ್ನ ಮ್ಯಾಲೆ ಬರಿ,” ಎಂದೆ.

ಹತ್ತೂ ಅಂಕಿಗಳನ್ನು ನಾನು ಒಂದೇ ಉಸಿರಿಗೆ ಬಾಯಿಪಾಠ ಒಪ್ಪಿಸಿದೆ.